ಕಾರಿನ ಟೈರುಗಳ ಆರೈಕೆ

ಕಾರಿನ ಟೈರುಗಳ ಆರೈಕೆ ಎಂದರೆ ಟೈರಿನ ಗಾಳಿಯ ಒತ್ತಡವನ್ನು ಸರಿಯಾದ ಪ್ರಮಾಣದಲ್ಲಿ ಕಾಯ್ದುಕೊಳ್ಳುವುದು, ಸವೆತವನ್ನು ಗಮನಿಸುವುದು, ಚಕ್ರಗಳ ಸ್ಥಾನವನ್ನು ಕಾಲಕಾಲಕ್ಕೆ ಬದಲಿಸುವುದು ಹಾಗೂ ಹಾನಿಗೊಂಡ ಟೈರನ್ನು ಗುರುತಿಸುವುದು ಮೊದಲಾದ ಕ್ರಮಗಳ ಒಟ್ಟು ಹೆಸರು. ಇವುಗಳಲ್ಲಿ ಹೆಚ್ಚಿನವನ್ನು ವಾಹನದ ಮಾಲೀಕರು ವಿಶೇಷ ತರಬೇತಿಯಿಲ್ಲದೆ, ಕೆಲವೇ ಸರಳ ಉಪಕರಣಗಳ ನೆರವಿನಿಂದ ಸ್ವತಃ ಮಾಡಿಕೊಳ್ಳಬಹುದು.

ಚಲಿಸುತ್ತಿರುವ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಟೈರುಗಳ ಮೂಲಕ ಮಾತ್ರ. ಪ್ರತಿಯೊಂದು ಟೈರು ನೆಲಕ್ಕೆ ತಾಗುವ ಭಾಗ ಸುಮಾರು ಒಂದು ಅಂಗೈಯಷ್ಟು ಅಗಲವಿರುತ್ತದೆ. ಬ್ರೇಕು, ಸ್ಟಿಯರಿಂಗ್ ಮತ್ತು ಎಂಜಿನ್ ಎಷ್ಟೇ ಉತ್ತಮವಾಗಿದ್ದರೂ ಅವುಗಳ ಕೆಲಸವೆಲ್ಲ ಈ ನಾಲ್ಕು ಅಂಗೈಗಳಷ್ಟು ಜಾಗದಲ್ಲಿಯೇ ನಡೆಯಬೇಕು. ಆದ್ದರಿಂದ ಟೈರಿನ ಸ್ಥಿತಿಯು ಇಂಧನದ ಖರ್ಚಿಗಷ್ಟೇ ಅಲ್ಲ, ಪ್ರಯಾಣಿಕರ ಪ್ರಾಣರಕ್ಷಣೆಗೂ ನೇರವಾಗಿ ಸಂಬಂಧಿಸಿದೆ.

ಹಿನ್ನೆಲೆ

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದರು. ಗಾಳಿ ತುಂಬಿದ ಟೈರಿನ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಇಂತಹ ಟೈರನ್ನು ಮತ್ತೆ ರೂಪಿಸಿದ ಬಳಿಕ ಅದು ಜನಪ್ರಿಯವಾಯಿತು. ಇಂದು ಕಾರುಗಳಲ್ಲಿ ಸಾರ್ವತ್ರಿಕವಾಗಿರುವ ರೇಡಿಯಲ್ ಟೈರಿಗೆ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆಯಿತು. ಕರ್ನಾಟಕದಲ್ಲಿ ಮೈಸೂರು ಟೈರು ತಯಾರಿಕೆಯ ಪ್ರಮುಖ ಕೇಂದ್ರವಾಗಿದೆ. ಅಲ್ಲಿನ ವಿಕ್ರಾಂತ್ ಟೈರ್ಸ್ ಸಂಸ್ಥೆಯನ್ನು 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆ ವಹಿಸಿಕೊಂಡಿತು.

ಟೈರಿನ ಮೇಲಿನ ಗುರುತುಗಳು

ಟೈರಿನ ಪಾರ್ಶ್ವಭಾಗದಲ್ಲಿ ಅದರ ಅಳತೆ, ಸಾಮರ್ಥ್ಯ ಹಾಗೂ ತಯಾರಿಕೆಯ ಕಾಲವನ್ನು ಅಚ್ಚೊತ್ತಲಾಗಿರುತ್ತದೆ. ಉದಾಹರಣೆಗೆ, 185/65 ಆರ್15 88ಎಚ್ ಎಂಬ ಗುರುತನ್ನು ಹೀಗೆ ಬಿಡಿಸಿ ಓದಬಹುದು:

- 185: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
- 65: ಪಾರ್ಶ್ವಭಾಗದ ಎತ್ತರವು ಅಗಲದ ಶೇಕಡ 65ರಷ್ಟು.
- ಆರ್: ರೇಡಿಯಲ್ ರಚನೆ.
- 15: ಟೈರು ಕೂರುವ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ.
- 88: ಹೊರೆಯ ಸೂಚ್ಯಂಕ. ಈ ಟೈರು ಗರಿಷ್ಠ 560 ಕಿಲೋಗ್ರಾಂ ಭಾರವನ್ನು ಹೊರಬಲ್ಲದು.
- ಎಚ್: ವೇಗದ ಸಂಕೇತ. ಗಂಟೆಗೆ 210 ಕಿಲೋಮೀಟರು ಇದರ ಮಿತಿ.

ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಸೂಚಿಸಲಾಗುತ್ತದೆ. ಮೊದಲ ಎರಡು ಅಂಕಿಗಳು ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ ಆ ಟೈರು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹೊಸ ಟೈರನ್ನು ಕೊಳ್ಳುವಾಗ ಈ ಅಂಕಿಗಳನ್ನು ನೋಡಿಕೊಂಡರೆ, ಅಂಗಡಿಯಲ್ಲಿ ಬಹುಕಾಲ ಉಳಿದ ಸರಕನ್ನು ಗುರುತಿಸಬಹುದು.

ಗಾಳಿಯ ಒತ್ತಡ

ಟೈರಿನ ಆರೈಕೆಯಲ್ಲಿ ಅತ್ಯಂತ ಮುಖ್ಯವಾದದ್ದು ಗಾಳಿಯ ಒತ್ತಡ. ಕಾರಿನ ಭಾರವನ್ನು ಹೊರುವುದು ಬಹುಮಟ್ಟಿಗೆ ಟೈರಿನೊಳಗಿನ ಗಾಳಿಯೇ ಹೊರತು ರಬ್ಬರು ಅಲ್ಲ. ಒತ್ತಡವನ್ನು ಸಾಮಾನ್ಯವಾಗಿ ಪಿಎಸ್‌ಐ ಎಂಬ ಮಾನದಲ್ಲಿ ಅಳೆಯಲಾಗುತ್ತದೆ. ಸಣ್ಣ ಕಾರುಗಳಲ್ಲಿ ಇದು ಸಾಧಾರಣವಾಗಿ 30ರಿಂದ 35 ಪಿಎಸ್‌ಐ ಇರುತ್ತದೆ. ಆದರೆ ಆಯಾ ಕಾರಿಗೆ ತಯಾರಕರು ಸೂಚಿಸಿದ ಪ್ರಮಾಣವೇ ಅಂತಿಮ. ಅದನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಅಂಟಿಸಿರುವ ಪಟ್ಟಿಯಲ್ಲಿಯೂ ಮಾಲೀಕರ ಕೈಪಿಡಿಯಲ್ಲಿಯೂ ಕಾಣಬಹುದು. ಇಬ್ಬರು ಕುಳಿತಾಗ ಎಷ್ಟು, ಪೂರ್ಣ ಹೊರೆಯಿದ್ದಾಗ ಎಷ್ಟು ಎಂದು ಎರಡು ಪ್ರತ್ಯೇಕ ಪ್ರಮಾಣಗಳನ್ನು ನೀಡಿರುವುದೂ ಉಂಟು. ಟೈರಿನ ಮೇಲೆಯೇ ಅಚ್ಚೊತ್ತಿರುವ ಗರಿಷ್ಠ ಒತ್ತಡವು ಟೈರು ತಾಳಬಲ್ಲ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ.

ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಸುಮಾರು ಒಂದು ಪಿಎಸ್‌ಐನಷ್ಟು ಗಾಳಿ ಸಹಜವಾಗಿ ಸೋರುತ್ತದೆ. ಆದ್ದರಿಂದ ಎರಡು ವಾರಗಳಿಗೊಮ್ಮೆ, ಕನಿಷ್ಠಪಕ್ಷ ತಿಂಗಳಿಗೊಮ್ಮೆ ಹಾಗೂ ಪ್ರತಿ ದೂರಪ್ರಯಾಣಕ್ಕೆ ಮುನ್ನ ಒತ್ತಡವನ್ನು ಪರೀಕ್ಷಿಸಬೇಕು. ರೇಡಿಯಲ್ ಟೈರಿನ ಪಾರ್ಶ್ವಭಾಗವು ಸರಿಯಾದ ಒತ್ತಡವಿದ್ದಾಗಲೂ ತುಸು ಉಬ್ಬಿಕೊಂಡಂತೆ ಕಾಣುವುದರಿಂದ, ಕಣ್ಣಂದಾಜಿನಿಂದಲೋ ಕಾಲಿನಿಂದ ಒದ್ದು ನೋಡುವುದರಿಂದಲೋ ಗಾಳಿ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಒತ್ತಡಮಾಪಕವೇ ಬೇಕು. ಸ್ವಯಂಚಾಲಿತ ಎಚ್ಚರಿಕೆ ವ್ಯವಸ್ಥೆಯಿರುವ ಕಾರುಗಳಲ್ಲಿಯೂ ದೀಪ ಬೆಳಗುವ ಹೊತ್ತಿಗೆ ಒತ್ತಡವು ಸಾಕಷ್ಟು ಕುಸಿದಿರುತ್ತದೆ.

ಒತ್ತಡವನ್ನು ಟೈರು ತಣ್ಣಗಿರುವಾಗ, ಅಂದರೆ ಕಾರು ನಿಂತು ಮೂರು ಗಂಟೆಗಳಾದ ಮೇಲೆ ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡುವ ಮೊದಲು ಅಳೆಯಬೇಕು. ವಾಲ್ವಿನ ಮುಚ್ಚಳವನ್ನು ತೆಗೆದು ಮಾಪಕವನ್ನು ನೇರವಾಗಿ ಒತ್ತಿ ಹಿಡಿಯಬೇಕು. ಅಳತೆಯಾದ ಮೇಲೆ ಮುಚ್ಚಳವನ್ನು ಮರೆಯದೆ ಹಾಕಬೇಕು. ಮುಚ್ಚಳವಿಲ್ಲದಿದ್ದರೆ ಧೂಳು ಮತ್ತು ಕೆಸರು ವಾಲ್ವಿನೊಳಗೆ ಸೇರಿ ಸೋರಿಕೆಗೆ ಕಾರಣವಾಗುತ್ತವೆ.

ಬೇಸಿಗೆಯ ಕುರಿತ ತಪ್ಪು ತಿಳಿವಳಿಕೆ

ಬಿಸಿಲಿನಲ್ಲಿ ಟೈರಿನ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಗಾಳಿಯನ್ನು ಕಡಿಮೆ ತುಂಬಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಓಡುವಾಗ ಟೈರು ಬಿಸಿಯಾಗಿ ಒತ್ತಡವು ನಾಲ್ಕೈದು ಪಿಎಸ್‌ಐನಷ್ಟು ಏರುವುದು ಸಹಜ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ತಣ್ಣಗಿನ ಒತ್ತಡವನ್ನು ನಿಗದಿಪಡಿಸಿರುತ್ತಾರೆ.

ಗಾಳಿ ಕಡಿಮೆಯಿರುವ ಟೈರು ನೆಲಕ್ಕೆ ತಾಗುವಲ್ಲಿ ಹೆಚ್ಚು ಚಪ್ಪಟೆಯಾಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಅದರ ಪಾರ್ಶ್ವಭಾಗ ಹೆಚ್ಚು ಮಡಿಚಿ ಬಿಚ್ಚಿಕೊಳ್ಳುತ್ತದೆ. ಒಂದು ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದಾಗ ಅದು ಬಿಸಿಯಾಗುವಂತೆಯೇ ಟೈರಿನ ಒಳಪದರಗಳೂ ಬಿಸಿಯಾಗುತ್ತವೆ. ವೇಗ ಮತ್ತು ಹೊರೆ ಹೆಚ್ಚಿದಂತೆ ಈ ಬಿಸಿಯೂ ಹೆಚ್ಚುತ್ತದೆ. ಕೊನೆಗೆ ರಬ್ಬರು ಮತ್ತು ಉಕ್ಕಿನ ತಂತಿಗಳ ಬೆಸುಗೆ ಸಡಿಲಗೊಂಡು ಪದರಗಳು ಬೇರ್ಪಡುತ್ತವೆ, ಟೈರು ಒಡೆಯುತ್ತದೆ. ಕಲಬುರಗಿ, ರಾಯಚೂರಿನಂತಹ ಬಿಸಿಲ ನಾಡಿನ ಹೆದ್ದಾರಿಗಳಲ್ಲಿ ತುಂಬಿದ ಕಾರು ವೇಗವಾಗಿ ಸಾಗುವಾಗ ಈ ಮೂರೂ ಕಾರಣಗಳು ಒಟ್ಟುಗೂಡುತ್ತವೆ. ಆದ್ದರಿಂದ ಬೇಸಿಗೆಯಲ್ಲಿಯೂ ಸೂಚಿತ ಒತ್ತಡವನ್ನೇ ಕಾಯ್ದುಕೊಳ್ಳಬೇಕು. ಬಿಸಿಯಾಗಿರುವ ಟೈರಿನಿಂದ ಗಾಳಿಯನ್ನು ಹೊರಬಿಡಬಾರದು.

ಅಗತ್ಯಕ್ಕಿಂತ ಹೆಚ್ಚು ಗಾಳಿಯೂ ಹಿತಕರವಲ್ಲ. ಆಗ ಟೈರು ನೆಲವನ್ನು ಹಿಡಿಯುವ ಜಾಗ ಕಿರಿದಾಗುತ್ತದೆ, ಸವಾರಿ ಗಡುಸಾಗುತ್ತದೆ, ರಸ್ತೆಯ ಗುಂಡಿಗಳ ಹೊಡೆತಕ್ಕೆ ಟೈರು ಬೇಗ ಪೆಟ್ಟು ತಿನ್ನುತ್ತದೆ.

ನೈಟ್ರೋಜನ್

ಕೆಲವು ಕಡೆ ಸಾಮಾನ್ಯ ಗಾಳಿಯ ಬದಲು ನೈಟ್ರೋಜನ್ ತುಂಬಲಾಗುತ್ತದೆ. ಇದು ತುಸು ನಿಧಾನವಾಗಿ ಸೋರುತ್ತದೆ ಹಾಗೂ ಇದರಲ್ಲಿ ತೇವಾಂಶವಿರುವುದಿಲ್ಲ. ಆದರೆ ಸಾಮಾನ್ಯ ಗಾಳಿಯಲ್ಲಿಯೇ ಶೇಕಡ 78ರಷ್ಟು ನೈಟ್ರೋಜನ್ ಇರುವುದರಿಂದ ದಿನಬಳಕೆಯ ಕಾರಿನಲ್ಲಿ ವ್ಯತ್ಯಾಸ ಅಲ್ಪ. ನೈಟ್ರೋಜನ್ ತುಂಬಿದ ಟೈರಿಗೆ ಸಾಮಾನ್ಯ ಗಾಳಿಯನ್ನು ಸೇರಿಸುವುದರಿಂದ ಹಾನಿಯಿಲ್ಲ.

ಸವೆತ

ರಸ್ತೆಗೆ ತಾಗುವ ಹೊರಮೈಯಲ್ಲಿರುವ ತೋಡುಗಳು ಮಳೆನೀರನ್ನು ಟೈರಿನ ಅಡಿಯಿಂದ ಹೊರಹಾಕುತ್ತವೆ. ತೋಡುಗಳು ಸವೆದರೆ ನೀರು ಹೊರಹೋಗದೆ ಟೈರು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಆ ಕ್ಷಣದಲ್ಲಿ ಸ್ಟಿಯರಿಂಗ್ ಆಗಲಿ ಬ್ರೇಕಾಗಲಿ ಕೆಲಸಕ್ಕೆ ಬರುವುದಿಲ್ಲ. ಮಲೆನಾಡು ಮತ್ತು ಕರಾವಳಿಯಂತಹ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಮಳೆಗಾಲಕ್ಕೆ ಮುನ್ನ ತೋಡುಗಳ ಆಳವನ್ನು ನೋಡಿಕೊಳ್ಳುವುದು ಈ ಕಾರಣದಿಂದ ಮುಖ್ಯ.

ಹೊಸ ಟೈರಿನ ತೋಡುಗಳು ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರು ಆಳವಿರುತ್ತವೆ. ಕಾರಿನ ಟೈರಿಗೆ ಭಾರತದಲ್ಲಿ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರು. ಇದನ್ನು ತಿಳಿಯಲು ತೋಡುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬಗಳಿರುತ್ತವೆ. ಹೊರಮೈ ಸವೆದು ಈ ದಿಬ್ಬಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತೆಂದು ಅರ್ಥ. ಒದ್ದೆ ರಸ್ತೆಯಲ್ಲಿ ಹಿಡಿತವು ಈ ಮಿತಿಯನ್ನು ತಲುಪುವ ಮೊದಲೇ ಕುಗ್ಗುವುದರಿಂದ, ಆಳವು 3 ಮಿಲಿಮೀಟರಿಗೆ ಇಳಿದಾಗಲೇ ಬದಲಾವಣೆಯ ಸಿದ್ಧತೆ ಮಾಡಿಕೊಳ್ಳುವುದು ಒಳಿತು.

ಸವೆತದ ರೀತಿಯನ್ನು ನೋಡಿ ಕಾರಿನ ಇತರ ದೋಷಗಳನ್ನೂ ಊಹಿಸಬಹುದು:

- ನಡುಭಾಗ ಮಾತ್ರ ಸವೆದಿದ್ದರೆ: ಗಾಳಿ ಹೆಚ್ಚಾಗಿದೆ.
- ಎರಡೂ ಅಂಚುಗಳು ಸವೆದಿದ್ದರೆ: ಗಾಳಿ ಕಡಿಮೆಯಾಗಿದೆ.
- ಒಂದೇ ಅಂಚು ಸವೆದಿದ್ದರೆ: ಚಕ್ರಗಳ ಜೋಡಣೆಯ ಕೋನ ತಪ್ಪಿದೆ. ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.
- ಅಲ್ಲಲ್ಲಿ ತಗ್ಗುಗಳಂತೆ ಸವೆದಿದ್ದರೆ: ಚಕ್ರದ ಸಮತೋಲ ತಪ್ಪಿರಬಹುದು ಅಥವಾ ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು.

ಚಕ್ರಗಳ ಸ್ಥಾನ ಬದಲಾವಣೆ

ಮುಂದಿನ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ತಲುಪುವ ಕಾರುಗಳಲ್ಲಿ ಮುಂದಿನ ಟೈರುಗಳೇ ಬೇಗ ಸವೆಯುತ್ತವೆ. ನಾಲ್ಕೂ ಸಮನಾಗಿ ಸವೆಯಲೆಂದು ಸುಮಾರು 8,000ದಿಂದ 10,000 ಕಿಲೋಮೀಟರಿಗೊಮ್ಮೆ ಅವುಗಳ ಸ್ಥಾನವನ್ನು ಬದಲಿಸಲಾಗುತ್ತದೆ. ಇಂತಹ ಕಾರುಗಳಲ್ಲಿ ಮುಂದಿನ ಚಕ್ರಗಳನ್ನು ಅದೇ ಪಕ್ಕದಲ್ಲಿ ಹಿಂದಕ್ಕೂ, ಹಿಂದಿನವುಗಳನ್ನು ಎಡಬಲ ಅದಲುಬದಲು ಮಾಡಿ ಮುಂದಕ್ಕೂ ಹಾಕುವುದು ರೂಢಿ. ತಿರುಗುವ ದಿಕ್ಕನ್ನು ಬಾಣದ ಗುರುತಿನಿಂದ ಸೂಚಿಸಿರುವ ಟೈರುಗಳನ್ನು ಮಾತ್ರ ಪಕ್ಕ ಬದಲಿಸದೆ ಹಿಂದುಮುಂದು ಮಾಡಬೇಕು. ಎರಡೇ ಹೊಸ ಟೈರುಗಳನ್ನು ಕೊಂಡಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕುವುದು ಸುರಕ್ಷಿತ. ಒದ್ದೆ ರಸ್ತೆಯ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಹೆಚ್ಚು ಕಷ್ಟ.

ಪಂಕ್ಚರ್ ಮತ್ತು ಸ್ಟೆಪ್ನಿ

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದಾಗ ಗಾಳಿ ನಿಧಾನವಾಗಿ ಇಳಿಯುತ್ತದೆ. ಮೊಳೆಯನ್ನು ದಾರಿಯಲ್ಲಿಯೇ ಕೀಳದೆ, ಗಾಳಿ ತುಂಬಿಕೊಂಡು ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಬಹುದು. ಗಾಳಿ ಪೂರ್ತಿ ಇಳಿದ ಟೈರಿನ ಮೇಲೆ ಸ್ವಲ್ಪ ದೂರ ಓಡಿಸಿದರೂ ಒಳಪದರಗಳು ಹಾಳಾಗುತ್ತವೆ. ಹೊರಮೈಯ ಸಣ್ಣ ತೂತನ್ನು ದುರಸ್ತಿ ಮಾಡಬಹುದು. ಪಾರ್ಶ್ವಭಾಗದ ತೂತು, ಸೀಳು ಅಥವಾ ಉಬ್ಬನ್ನು ದುರಸ್ತಿ ಮಾಡಲಾಗದು. ಅಂತಹ ಟೈರನ್ನು ಬದಲಿಸಲೇಬೇಕು.

ಬದಲಿ ಚಕ್ರಕ್ಕೆ ಭಾರತದಲ್ಲಿ ರೂಢಿಯಲ್ಲಿರುವ ಸ್ಟೆಪ್ನಿ ಎಂಬ ಹೆಸರು ವೇಲ್ಸ್‌ನ ಲನೆತ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರಲ್ಲಿ ಅಲ್ಲಿ ಥಾಮಸ್ ಮಾರಿಸ್ ಡೇವಿಸ್ ಬದಲಿ ಚಕ್ರವನ್ನು ರೂಪಿಸಿದರು. ಇತರ ಟೈರುಗಳ ಗಾಳಿಯನ್ನು ನೋಡುವಾಗ ಸ್ಟೆಪ್ನಿಯ ಗಾಳಿಯನ್ನೂ ನೋಡಬೇಕು. ಕಿರಿದಾದ ತಾತ್ಕಾಲಿಕ ಸ್ಟೆಪ್ನಿಯಿದ್ದರೆ ಅದರ ಮೇಲೆ ನಮೂದಿಸಿರುವ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರಿನ, ವೇಗಮಿತಿಯನ್ನು ಮೀರಬಾರದು.

ಚಕ್ರ ಬದಲಿಸುವ ಕ್ರಮ

1. ವಾಹನಸಂಚಾರದಿಂದ ದೂರವಾದ, ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ, ಎಚ್ಚರಿಕೆಯ ದೀಪಗಳನ್ನು ಹಾಕಿ, ಹಿಂದೆ ತ್ರಿಕೋನ ಫಲಕವನ್ನು ಇಡಬೇಕು.
2. ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಗೇರಿನಲ್ಲಿಟ್ಟು, ಕರ್ಣರೇಖೆಯಲ್ಲಿ ಎದುರಿಗಿರುವ ಚಕ್ರಕ್ಕೆ ಕಲ್ಲಿನ ಒತ್ತು ಕೊಡಬೇಕು.
3. ಚಕ್ರವು ನೆಲದ ಮೇಲಿರುವಾಗಲೇ ಎಲ್ಲ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು.
4. ಕೈಪಿಡಿ ತೋರಿಸಿದ ಸ್ಥಳದಲ್ಲಿಯೇ ಜ್ಯಾಕ್ ಇಟ್ಟು ಕಾರನ್ನು ಎತ್ತಬೇಕು. ಜ್ಯಾಕಿನ ಮೇಲಿರುವ ಕಾರಿನ ಅಡಿಗೆ ಯಾವ ಕಾರಣಕ್ಕೂ ದೇಹವನ್ನು ಒಡ್ಡಬಾರದು.
5. ನಟ್ಟುಗಳನ್ನು ತೆಗೆದು ಚಕ್ರವನ್ನು ಬದಲಿಸಿ, ನಟ್ಟುಗಳನ್ನು ಕೈಯಿಂದಲೇ ತಿರುಗಿಸಿ ಕೂರಿಸಬೇಕು.
6. ಕಾರನ್ನು ಇಳಿಸಿದ ಮೇಲೆ ನಟ್ಟುಗಳನ್ನು ಸಾಲಾಗಿ ಅಲ್ಲದೆ ಎದುರುಬದುರಾಗಿ ಬಿಗಿಗೊಳಿಸಬೇಕು.
7. ಸುಮಾರು 50 ಕಿಲೋಮೀಟರು ಓಡಿದ ಬಳಿಕ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ವಯಸ್ಸು ಮತ್ತು ಬದಲಾವಣೆ

ಕಾರು ಕಡಿಮೆ ಓಡಿದರೂ ರಬ್ಬರು ಬಿಸಿಲು ಮತ್ತು ಗಾಳಿಯಿಂದ ಹಳತಾಗುತ್ತದೆ. ನಿಂತೇ ಇರುವ ಕಾರಿನ ಟೈರಿನಲ್ಲಿ ತೋಡು ಆಳವಾಗಿದ್ದರೂ ಪಾರ್ಶ್ವಭಾಗದಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಳ್ಳಬಹುದು. ಬಳಕೆಗೆ ಬಂದು ಐದು ವರ್ಷಗಳಾದ ಟೈರನ್ನು ವರ್ಷಕ್ಕೊಮ್ಮೆ ಪರಿಣತರಿಂದ ಪರೀಕ್ಷಿಸಬೇಕೆಂದೂ, ತಯಾರಾಗಿ ಹತ್ತು ವರ್ಷಗಳಾದ ಟೈರನ್ನು ನೋಟಕ್ಕೆ ಚೆನ್ನಾಗಿದ್ದರೂ ಬದಲಿಸಬೇಕೆಂದೂ ಹಲವು ತಯಾರಕರು ಸಲಹೆ ನೀಡುತ್ತಾರೆ. ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಪೆಟ್ರೋಲಿಯಂ ಆಧಾರಿತ ಹೊಳಪಿನ ದ್ರವಗಳನ್ನು ಬಳಸದೆ ಸಾಬೂನುನೀರಿನಿಂದ ತೊಳೆಯುವುದು ಹಾಗೂ ಬಹುದಿನ ನಿಲ್ಲುವ ಕಾರನ್ನು ಆಗಾಗ ತುಸು ದೂರ ಓಡಿಸುವುದು ಟೈರಿನ ಬಾಳಿಕೆಗೆ ಪೂರಕ.

ಪರಿಣತರಿಗೆ ಬಿಡಬೇಕಾದ ಕೆಲಸಗಳು

ಟೈರನ್ನು ರಿಮ್ಮಿನಿಂದ ಬಿಡಿಸುವುದು, ವೀಲ್ ಬ್ಯಾಲೆನ್ಸಿಂಗ್ ಮತ್ತು ವೀಲ್ ಅಲೈನ್‌ಮೆಂಟ್‌ಗೆ ಯಂತ್ರಗಳು ಅಗತ್ಯ. ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು, ನೇರ ರಸ್ತೆಯಲ್ಲಿ ಕಾರು ಒಂದು ಪಕ್ಕಕ್ಕೆ ಎಳೆಯುವುದು, ಒಂದೇ ಟೈರಿನ ಗಾಳಿ ಪದೇ ಪದೇ ಇಳಿಯುವುದು ಕಂಡುಬಂದರೆ ತಡಮಾಡದೆ ಪರಿಣತರ ಬಳಿಗೆ ಒಯ್ಯಬೇಕು. ಪಾರ್ಶ್ವಭಾಗದಲ್ಲಿ ಉಬ್ಬು ಕಂಡರೆ ಒಳಗಿನ ತಂತುಗಳು ಹರಿದಿರುತ್ತವೆ. ಅಂತಹ ಟೈರಿನಲ್ಲಿ ಪ್ರಯಾಣವನ್ನು ಮುಂದುವರಿಸದೆ ಅಲ್ಲಿಯೇ ಸ್ಟೆಪ್ನಿ ಹಾಕಿಕೊಳ್ಳಬೇಕು.