ತೊಡರಿ ನಿಂತ ನೀಲಗಿರಿ ಮರವನ್ನು ಇಳಿಸುವ ಬಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ರಾಗಿಯ ಹೊಲಗಳು ನೀಲಗಿರಿ ತೋಪುಗಳಾದದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ತೋಪು ತೆಗೆದು ಬೇರೆ ಬೆಳೆಗೆ ಮರಳುವ ರೈತರಿದ್ದಾರೆ. ತೋಪು ತೆಗೆಯುವಾಗ ಒದಗುವ ಒಂದು ಅಪಾಯವನ್ನು ಅವರ ಗಮನಕ್ಕೆ ತರಬೇಕಾಗಿದೆ. ಬುಡ ಕೊಯ್ದ ಮರವು ನೆಲಕ್ಕೆ ಬೀಳದೆ ಪಕ್ಕದ ಮರಕ್ಕೆ ತೊಡರಿ ಓರೆಯಾಗಿ ನಿಂತುಬಿಡುವುದೇ ಆ ಅಪಾಯ.

ನಮ್ಮ ತೋಪುಗಳಲ್ಲಿ ಇದು ಅಪರೂಪವಲ್ಲ. ಸಾಲುಗಳು ಒತ್ತಾಗಿರುತ್ತವೆ. ಹಿಂದೆ ಕಡಿದ ಬೊಡ್ಡೆಯಿಂದ ಚಿಗುರಿದ ಎರಡು ಮೂರು ಕಾಂಡಗಳು ತಲೆ ಹೆಣೆದುಕೊಂಡಿರುತ್ತವೆ. ಗೌರಿಬಿದನೂರಿನ ಕಡೆ ಹೀಗೆ ನಿಂತ ಮರದ ಕೆಳಗೇ ಆಳುಗಳು ಬುತ್ತಿ ಬಿಚ್ಚಿ ಕುಳಿತದ್ದನ್ನು ಕಂಡಿದ್ದೇನೆ. ಎಬ್ಬಿಸಿದರೆ, "ಬೆಳಿಗ್ಗೆಯಿಂದ ಹಂಗೇ ನಿಂತೈತೆ, ಬೀಳಲ್ಲ ಬಿಡಿ ಸಾರ್" ಎಂದರು. ಇಡೀ ಮರದ ಭಾರ ಎರಡು ಹಸಿ ಕೊಂಬೆಗಳ ಮೇಲಿತ್ತು. ಅಂಥ ಕೊಂಬೆ ನಿಧಾನವಾಗಿ ಸೀಳುತ್ತಿರುತ್ತದೆ. ಮುರಿಯಲು ಒಂದು ಗಾಳಿ ಸಾಕು.

ಎಲ್ಲಕ್ಕಿಂತ ಕೆಟ್ಟ ಉಪಾಯವೆಂದರೆ ಆಸರೆ ಕೊಟ್ಟ ಮರವನ್ನೇ ಕೊಯ್ಯುವುದು. ಭಾರ ಹೊತ್ತ ಆ ಮರ ಬಿಲ್ಲಿನಂತೆ ಬಾಗಿರುತ್ತದೆ. ಗರಗಸ ತಾಗಿದೊಡನೆ ಸೀಳಿ ಒದೆಯಬಹುದು, ಎರಡೂ ಮರಗಳು ಕೊಯ್ಯುವವನ ಮೇಲೆಯೇ ಬರಬಹುದು. ಬುಡದಿಂದ ತುಂಡು ತುಂಡಾಗಿ ಕೊಯ್ಯುತ್ತಾ ಹೋಗುವುದೂ ಸಲ್ಲದು. ಪ್ರತಿ ತುಂಡಿಗೂ ಮರ ಕೆಳಕ್ಕೆ ಜಾರುತ್ತದೆ, ಯಾವ ಕಡೆಗೆ ಹೊರಳುವುದೆಂದು ಹೇಳಲಾಗದು. ಹತ್ತಿ ಕೊಂಬೆ ಕಡಿಯುವುದು, ಇನ್ನೊಂದು ಮರವನ್ನು ಅದರ ಮೇಲೆ ಕೆಡವುವುದು ಬೇಡವೇ ಬೇಡ.

ಮೊದಲು ಮರದ ಎತ್ತರದ ಎರಡರಷ್ಟು ದೂರಕ್ಕೆ ಎಲ್ಲರನ್ನೂ ಕಳುಹಿಸಬೇಕು. ತಂತಿಗೆ ತಾಗಿದ್ದರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ತಿಳಿಸಬೇಕು. ತಂತಿಯಿಲ್ಲದಿದ್ದರೆ ಬುಡಕ್ಕೆ ಉಕ್ಕಿನ ಹಗ್ಗ ಅಥವಾ ಸರಪಳಿ ಬಿಗಿದು, ಮರ ವಾಲಿರುವ ದಿಕ್ಕಿಗೆ ವಿರುದ್ಧವಾಗಿ ಟ್ರ್ಯಾಕ್ಟರಿನಿಂದ ಹಿಂದಕ್ಕೆ ಎಳೆಯಬೇಕು. ಬುಡ ಸರಿದಂತೆ ತಲೆ ಕೊಂಬೆಯಿಂದ ಬಿಡಿಸಿಕೊಂಡು ಇಳಿಯುತ್ತದೆ. ಬೊಡ್ಡೆಗೆ ಇನ್ನೂ ಅಂಟಿಕೊಂಡಿದ್ದರೆ ಆ ಪಟ್ಟಿಯನ್ನು ಬಿಡಿಸುವ ಕೆಲಸ ಅನುಭವಸ್ಥನದು; ಆತ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಮರದಡಿಯಲ್ಲಲ್ಲ. ಹಗ್ಗವನ್ನು ಟ್ರ್ಯಾಕ್ಟರಿನ ಕೆಳಗಿನ ಕೊಂಡಿಗೇ ಕಟ್ಟಬೇಕು. ಮೇಲೆ ಕಟ್ಟಿದರೆ ಮುಂದಿನ ಚಕ್ರಗಳು ಎದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ. ಎಳೆತ ನಿಧಾನವಾಗಿರಲಿ. ನೈಲಾನ್ ಹಗ್ಗ ಹಿಗ್ಗಿ, ತುಂಡಾದಾಗ ಚಾಟಿಯಂತೆ ಬಡಿಯುವುದರಿಂದ ಅದು ಬೇಡ. ಬಿಗಿದ ಹಗ್ಗದ ಬಳಿ ಯಾರೂ ನಿಲ್ಲಕೂಡದು.

ಅಂದೇ ಇಳಿಸಲಾಗದಿದ್ದರೆ ಸುತ್ತ ಹಗ್ಗ ಕಟ್ಟಿ, ಕುರಿ ಮೇಯಿಸುವವರಿಗೂ ಸೌದೆಗೆ ಬರುವವರಿಗೂ ಹೇಳಿಡಬೇಕು.

ತೊಡರುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು. ತೋಪಿನ ಅಂಚಿನ ಸಾಲಿನಿಂದ ಆರಂಭಿಸಿ, ಬಯಲಿನ ಕಡೆಗೇ ಕಚ್ಚು ಹಾಕಿ ಕೆಡವುತ್ತಾ ಒಳಗೆ ಸಾಗಬೇಕು. ಗಾಳಿ ಎದ್ದ ದಿನ ಗರಗಸ ಮುಟ್ಟಬಾರದು. ಟನ್ನಿಗಿಷ್ಟು ಎಂದು ಒಪ್ಪಿದ ತಂಡಕ್ಕೆ ಒಂದು ಮರಕ್ಕಾಗಿ ಅರ್ಧ ಗಂಟೆ ಕಳೆಯಲು ಮನಸ್ಸಿರುವುದಿಲ್ಲ, ಅವರನ್ನು ದೂರುವಂತಿಲ್ಲ. ಆದಕಾರಣ ತೊಡರಿದ ಮರಕ್ಕೆ ಟ್ರ್ಯಾಕ್ಟರಿನ ಬಾಡಿಗೆಯನ್ನೂ ಕಾಯುವ ಹೊತ್ತಿನ ಕೂಲಿಯನ್ನೂ ಕೊಡುವವರು ಯಾರೆಂಬುದನ್ನು ಜಮೀನಿನ ಯಜಮಾನರು ಗುತ್ತಿಗೆಯ ದಿನವೇ ಮಾತಾಡಿಕೊಳ್ಳಬೇಕು.