ಸಾಹಸಚಿತ್ರಗಳಲ್ಲಿ ರಾಕ್ ಗೀತೆಯ ಕಾರ್ಯ

೧೯೮೦ರ ದಶಕದ ಅಮೆರಿಕದ ಸಾಹಸಚಿತ್ರಗಳ ರಾಕ್ ಗೀತೆಗಳನ್ನು ಬರಿಯ ಅಬ್ಬರವೆಂದು ತಳ್ಳಿಹಾಕುವುದುಂಟು. ಅವು ಕಥನದ ಭಾರವನ್ನೇ ಹೊತ್ತಿವೆಯೆಂಬುದು ನಮ್ಮ ಅಭಿಪ್ರಾಯ. ಮುಷ್ಟಿಯುದ್ಧದ ಕಥೆಯಾದ 'ರಾಕಿ ೩' (೧೯೮೨) ಚಿತ್ರವನ್ನು ನಿದರ್ಶನವಾಗಿ ಪರಿಶೀಲಿಸೋಣ. ನಿರ್ದೇಶಕ ಸಿಲ್ವೆಸ್ಟರ್ ಸ್ಟಲೋನರು ಮೊದಲು ಬಯಸಿದುದು ಕ್ವೀನ್ ತಂಡದ ಗೀತೆಯೊಂದನ್ನು. ಅದರ ಹಕ್ಕು ದೊರೆಯದಿರಲು, ಅವರ ಕೋರಿಕೆಯಂತೆ ಸರ್ವೈವರ್ ತಂಡದವರು 'ಐ ಆಫ್ ದ ಟೈಗರ್' ಗೀತೆಯನ್ನು ರಚಿಸಿದರು. ಅದರ ಆರಂಭದ ಗಿಟಾರ್ ಘಾತಗಳನ್ನು ತೆರೆಯ ಮೇಲಣ ಮುಷ್ಟಿಪ್ರಹಾರಗಳಿಗೆ ಹೊಂದುವಂತೆ ಯೋಜಿಸಲಾಯಿತು. ನಾಯಕನ ಸತತ ವಿಜಯಗಳೂ ಕೀರ್ತಿಸುಖವೂ, ಪ್ರತಿಸ್ಪರ್ಧಿಯ ಕಠಿಣ ಸಾಧನೆಯೂ ಕೆಲವೇ ನಿಮಿಷಗಳಲ್ಲಿ ಒಂದೇ ಲಯಸೂತ್ರದಲ್ಲಿ ಪೋಣಿಸಲ್ಪಟ್ಟಿವೆ. ದೀರ್ಘಕಾಲವು ಹೀಗೆ ಸಂಕ್ಷೇಪಗೊಂಡಾಗ ಬಿಡಿದೃಶ್ಯಗಳನ್ನು ಬಂಧಿಸುವುದು ತಾಳವೇ. ಗೀತೆಯನ್ನು ತೆಗೆದರೆ ಉಳಿಯುವುದು ಚೂರುಚಿತ್ರಗಳ ರಾಶಿ. ಆದುದರಿಂದ ಸಂಕಲನವನ್ನೂ ಗೀತೆಯನ್ನೂ ಬೇರ್ಪಡಿಸಿ ಇಂಥ ಚಿತ್ರಗಳಿಗೆ ಬೆಲೆಕಟ್ಟುವುದು ಯುಕ್ತವಲ್ಲ.