ಬೇಸಿಗೆ ಇಂಟರ್ನ್‌ಶಿಪ್: ಕಡಲು ಸರಿದಾಗ ಎಣಿಕೆ ಶುರು

ಈ ಇಂಟರ್ನ್‌ಶಿಪ್‌ನ ಟೈಮ್‌ಟೇಬಲ್ ಬರೆಯುವವನು ಚಂದ್ರ!

ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನಷ್ಟು ದೂರ ಸರಿಯುತ್ತದೆ. ಬಂಡೆಗಳು ತೆರೆದುಕೊಳ್ಳುವ ಆ ಹೊತ್ತೇ ನಿಮ್ಮ ಕೆಲಸದ ಹೊತ್ತು.

ದಡದಿಂದ ನೀರಿನಂಚಿನವರೆಗೆ ಟೇಪ್ ಎಳೆಯಿರಿ: ಇದು ಟ್ರಾನ್ಸೆಕ್ಟ್. ನಿಗದಿತ ಅಂತರದಲ್ಲಿ ಚೌಕಟ್ಟು ಇಡಿ: ಇದು ಕ್ವಾಡ್ರಾಟ್. ಒಳಗಿರುವ ಬಾರ್ನಕಲ್, ಪಚ್ಚಿಲೆ, ಬಸವನಹುಳು ಎಣಿಸಿ. ಪಾಚಿ ಎಷ್ಟು ಜಾಗ ಆವರಿಸಿದೆ, ಬರೆದುಕೊಳ್ಳಿ. ತಿರುಗಿಸಿದ ಕಲ್ಲನ್ನು ಮೊದಲಿನಂತೆಯೇ ಇಡಿ. ಅಡಿಯಲ್ಲಿರುವ ಜೀವಿಗಳು ಬಿಸಿಲನ್ನು ತಾಳಲಾರವು.

ಇಷ್ಟೆಲ್ಲ ಎಣಿಸುವುದು ಏಕೆ?

1963. ಅಮೆರಿಕದ ವಾಷಿಂಗ್ಟನ್ ಕರಾವಳಿ. ಪರಿಸರವಿಜ್ಞಾನಿ ರಾಬರ್ಟ್ ಪೇನ್ ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನಷ್ಟೇ ತೆಗೆದರು. ಅವು ತಿನ್ನುತ್ತಿದ್ದ ಮಸೆಲ್ ಚಿಪ್ಪುಜೀವಿಗಳು ಜಾಗ ಕಬಳಿಸಿದವು. 15 ಪ್ರಭೇದಗಳಿದ್ದಲ್ಲಿ ಉಳಿದದ್ದು 8! ನಕ್ಷತ್ರಮೀನಿನಂತೆ ಇಡೀ ಸಮುದಾಯವನ್ನು ಹಿಡಿದಿಡುವ ಜೀವಿಯೇ ಕೀಸ್ಟೋನ್ ಪ್ರಭೇದ. ಇದು ಗೊತ್ತಾದದ್ದು ತಾಳ್ಮೆಯ ಎಣಿಕೆಯಿಂದ.

ಎಣಿಸಲು ಬಂಡೆಗಳಿಗೆ ಒಬ್ಬರೇ ಇಳಿಯಬೇಡಿ. ಉಬ್ಬರದ ಸಮಯ ಮೊದಲೇ ನೋಡಿ. ಜಾರದ ಬೂಟು ಹಾಕಿ.

ಇಂಥ ಇಂಟರ್ನ್‌ಶಿಪ್‌ಗೆ ಎಲ್ಲಿ ಕೇಳಬೇಕು? ನಮ್ಮ ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಜೂನ್ ಮಳೆಗೆ ಕಡಲು ಕೆರಳುವ ಮೊದಲು ಫೀಲ್ಡ್‌ವರ್ಕ್ ಮುಗಿಯಬೇಕು. ಹಾಗಾಗಿ ಅಲ್ಲಿ ಅವಕಾಶ ಇದೆಯೇ ಎಂದು ಚಳಿಗಾಲದಲ್ಲೇ ವಿಚಾರಿಸಿ, ಅರ್ಜಿ ಹಾಕಿ!